ನೆಲ ತಣ್ಣಗಿರಲಿ

ಅವರ ಎಡ ಅಂಗಾಲಿನಲ್ಲಿ ಗೆರೆಗಳೇ ಇರಲಿಲ್ಲ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಚರ್ಮ ಇಸ್ತ್ರಿ ಹಾಕಿದ ಹಾಗೆ ನುಣ್ಣಗಿತ್ತು, ತಿಳಿಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಬಲಗಾಲು ಮಾತ್ರ ನಮ್ಮೆಲ್ಲರ ಅಜ್ಜಿಯರ ಕಾಲಿನಂತೆ ಒರಟಾಗಿತ್ತು. ಹಿಮ್ಮಡಿ ಒಡೆದಿತ್ತು, ಎಂದೋ ತೆಗೆದ ಕಾಲುಂಗುರದ ಗುರುತು ಬೆರಳಿನಲ್ಲಿ ಹಾಗೇ ಉಳಿದಿತ್ತು. ಎರಡೂ ಒಬ್ಬರದೇ ಕಾಲು ಅಂದರೆ ನಂಬುವುದು ಕಷ್ಟ.

ನಾನು ಆ ಕಾಲುಗಳನ್ನು ಮೊದಲು ನೋಡಿದ್ದು ಅಟ್ಲಾಂಟಾದ ಪಕ್ಕದ ಡುಲುತ್‌ನಲ್ಲಿ, ತೊಂಬತ್ತರ ದಶಕದ ನಡುವಿನ ಒಂದು ಅಕ್ಟೋಬರ್ ತಿಂಗಳಲ್ಲಿ. ನಮ್ಮ ಹೊಸ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ನಮ್ಮದರಿಂದ ಮೂರನೆಯ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಎಂಜಿನಿಯರ್ ಒಬ್ಬರಿದ್ದರು. ಅವರ ತಾಯಿ ಆರು ತಿಂಗಳಿಗೆಂದು ಬಂದಿದ್ದರು. ಮಾರನೆಯ ದಿನದಿಂದಲೇ ಇಡೀ ರಸ್ತೆಗೆ ಅವರು ಗೊತ್ತಾಗಿಬಿಟ್ಟರು, ಯಾಕೆಂದರೆ ಬೆಳಗ್ಗೆ ಎಂಟು ಗಂಟೆಗೆ ಹತ್ತಿ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು ಹೊರಟವರು, ಹುಲ್ಲು ಕಂಡಲ್ಲೆಲ್ಲ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆಯುತ್ತಿದ್ದರು. ಅದು ಯಾರ ಮನೆಯ ಹುಲ್ಲು ಅನ್ನುವುದು ಅವರಿಗೆ ಲೆಕ್ಕಕ್ಕಿರಲಿಲ್ಲ. ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಎಡಗಾಲನ್ನು ಒತ್ತುವುದು, ಮತ್ತೆ ಎರಡು ಹೆಜ್ಜೆ. ಬೀದಿಯ ಕೊನೆಯ ಮನೆಯ ಅಮೆರಿಕನ್ ಹೆಂಗಸು ಒಂದು ದಿನ ನನ್ನನ್ನು ತಡೆದು, "ಆಕೆ ಏನಾದರೂ ಕಳೆದುಕೊಂಡಿದ್ದಾರಾ, ಕೇಳಿ" ಅಂದಳು. ನಾನು ಕೇಳಿದೆ.

"ಹೌದು ಅನ್ನು," ಅಂದರು ಅವರು, ನೆಲದಿಂದ ಕಣ್ಣೆತ್ತದೆ.

ಎಲ್ಲರೂ ಅಡಿಗೆ ತಂದು ಕೂಡಿ ಉಣ್ಣುವ ಆ ವಾರದ ಪಾಟ್‌ಲಕ್‌ನಲ್ಲಿ ನಾನು ಇದನ್ನು ನಾಲ್ಕು ಜನಕ್ಕೆ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು.

ಅವರು ಮೂವತ್ತು ವರ್ಷ ಇದ್ದದ್ದು ಝರಿಯಾದಲ್ಲಿ, ಆಗಿನ ಬಿಹಾರದ ಕಲ್ಲಿದ್ದಲ ಗಣಿಗಳ ಊರಿನಲ್ಲಿ. ಗಂಡ ಗಣಿಯ ಸರ್ವೇಯರ್ ಆಗಿದ್ದವರು, ತೀರಿಹೋಗಿದ್ದರು. ನಮ್ಮ ಮೈಸೂರು-ಬೆಂಗಳೂರಿನ ಗುಂಪಿಗೆ ಝರಿಯಾ ಎಂದರೆ ಏನು ಗೊತ್ತು? "ಜರಿಯಾ? ಜರಿ ಸೀರೆ ಮಾಡ್ತಾರಲ್ಲ, ಆ ಊರಾ ಆಂಟಿ?" ಅಂತ ಒಬ್ಬಳು ಕೇಳಿದಳು. ಅಂದಿನಿಂದ ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ಜರಿ ಆಂಟಿ ಅನ್ನುತ್ತಿದ್ದೆವು. ಎದುರಿಗೆ ಆಂಟಿ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ಆಂಟಿ ಅಂದ್ರ ಅಂಗಡ್ಯಾಗ ಕರದಂಗಾಗ್ತದ. ಅವ್ವಾ ಅನ್ನು, ನಿನ್ನ ಗಂಟೇನು ಹೋಗ್ತದ?" ಅಂದರು. ನಾನು ಅವ್ವ ಅಂದೆ. ನನ್ನನ್ನು ಅವರು ಕರೆದದ್ದು ತಂಗಿ ಎಂದು. ನಮ್ಮ ಕಡೆ ಇಷ್ಟು ವಯಸ್ಸಿನ ಅಂತರದಲ್ಲಿ ಯಾರೂ ಯಾರನ್ನೂ ತಂಗಿ ಅನ್ನುವುದಿಲ್ಲ, ಆದರೆ ಕೇಳಲು ಹಿತವಾಗಿತ್ತು.

ಅವರ ಆಶೀರ್ವಾದವೂ ವಿಚಿತ್ರ. ನಮಸ್ಕಾರ ಮಾಡಿದರೆ ನಮ್ಮ ಹಿರಿಯರು ಹೊಟ್ಟೆ ತಣ್ಣಗಿರಲಿ ಅನ್ನುತ್ತಾರೆ. ಅವ್ವ ಮಾತ್ರ, "ನಿನ್ನ ಮನೀ ನೆಲಾ ತಣ್ಣಗಿರ್ಲಿ" ಅನ್ನುತ್ತಿದ್ದರು. ಉತ್ತರ ಕರ್ನಾಟಕದ ಪದ್ಧತಿ ಇರಬೇಕು, ಅಲ್ಲಿ ಸೆಕೆ ಜಾಸ್ತಿ ಎಂದು ನಮ್ಮವರು, ನನ್ನ ಗಂಡ, ವ್ಯಾಖ್ಯಾನ ಮಾಡಿದರು. ನಮ್ಮವರಿಗೆ ಯಾವುದಕ್ಕೂ ವ್ಯಾಖ್ಯಾನ ಇಲ್ಲ ಎಂದು ಇರಲಿಲ್ಲ.

ಈಗ ನನ್ನ ಕರಿಬೇವಿನ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ.

ಆ ಕಾಲದಲ್ಲಿ ಅಟ್ಲಾಂಟಾದ ಸುತ್ತ ಹಸಿ ಕರಿಬೇವು ಸಿಗುವುದು ಅಪರೂಪ. ಗಿಡ ಬೆಳೆಸಬೇಕೆಂದರೆ ಕುಂಡದಲ್ಲೇ ಬೆಳೆಸಬೇಕು, ಅಕ್ಟೋಬರ್ ಮುಗಿಯುವುದರೊಳಗೆ ಗ್ಯಾರೇಜಿಗೆ ಎಳೆಯಬೇಕು. ಅಷ್ಟು ಮಾಡಿದರೂ ಅದು ಎಲೆ ಉದುರಿಸಿಕೊಂಡು ಕಡ್ಡಿಯಾಗಿ ನಿಲ್ಲುತ್ತಿತ್ತು. ನಾನು ಸೋಮಾರಿ. ಫ್ಲಾರಿಡಾದ ಗೆಳತಿ ಕೊಟ್ಟ ಸಸಿಯನ್ನು ಹಿತ್ತಲಿನ ಬೇಲಿಯ ಪಕ್ಕದಲ್ಲಿ ನೆಲಕ್ಕೇ ನೆಟ್ಟುಬಿಟ್ಟಿದ್ದೆ. ಮೊದಲ ಚಳಿಗಾಲದಲ್ಲಿ ಅದು ಸಾಯುತ್ತದೆ ಎಂದು ಎಲ್ಲರೂ ಹೇಳಿದರು. ಸಾಯಲಿಲ್ಲ. ಊರಿನ ಹುಲ್ಲೆಲ್ಲ ಒಣಗಿ ಹುಲ್ಲಿನ ಚಾಪೆಯ ಬಣ್ಣಕ್ಕೆ ತಿರುಗಿದ್ದ ಜನವರಿಯಲ್ಲಿ ನನ್ನ ಗಿಡ ಚಿಗುರಿತು. ಅದರ ಬುಡದಲ್ಲಿ ನಾಲ್ಕು ಮಾರಿನಷ್ಟು ಜಾಗದ ಹುಲ್ಲೂ ಹಸಿರಾಗಿತ್ತು. ಪಕ್ಕದ ಮನೆಯ ಬೆಕ್ಕು ದಿನವೂ ಬಂದು ಅಲ್ಲೇ ಮಲಗುತ್ತಿತ್ತು.

ನನಗೆ ಕೈಗುಣ ಇದೆ ಎಂದು ಇಡೀ ಡುಲುತ್ ಮಾತಾಡಿತು. ಅಲ್ಫರೆಟಾದಿಂದ ಅರ್ಧ ಗಂಟೆ ಡ್ರೈವ್ ಮಾಡಿಕೊಂಡು ಬಂದು ಕರಿಬೇವು ಒಯ್ಯುತ್ತಿದ್ದರು. ನಾನು ಜಿಪ್‌ಲಾಕ್ ಚೀಲಗಳಲ್ಲಿ ಎಸಳು ತುಂಬಿಟ್ಟಿರುತ್ತಿದ್ದೆ, ದೇವಸ್ಥಾನದಲ್ಲಿ ಪ್ರಸಾದ ಕೊಡುವವರ ಗಾಂಭೀರ್ಯದಿಂದ ಹಂಚುತ್ತಿದ್ದೆ. "ಏನು ಗೊಬ್ಬರ ಹಾಕ್ತೀರಾ?" ಅಂತ ಕೇಳಿದರೆ, "ಏನೂ ಇಲ್ಲಪ್ಪ, ಹುಳಿ ಮಜ್ಜಿಗೆ ಅಷ್ಟೇ" ಅನ್ನುತ್ತಿದ್ದೆ. ಅದು ಸುಳ್ಳು. ಮಜ್ಜಿಗೆಯನ್ನೂ ಹಾಕುತ್ತಿರಲಿಲ್ಲ. ಅದೇ ಹಸಿರು ಜಾಗದಲ್ಲಿ, ಗಿಡದಿಂದ ನಾಲ್ಕು ಹೆಜ್ಜೆ ಈಚೆಗೆ, ಐದು ವರ್ಷದ ಮಗಳು ಪುಟ್ಟಿಗೆ ಉಯ್ಯಾಲೆ ಹಾಕಿಸಿದ್ದೆವು. ಚಳಿಗಾಲದಲ್ಲೂ ಅಲ್ಲಿ ಆಡಲು ಚೆನ್ನಾಗಿತ್ತು.

ಗಿಡದ ಎರಡನೆಯ ಚಳಿಗಾಲ. ಜನವರಿಯ ಒಂದು ಬೆಳಗ್ಗೆ ಸೊಸೆ ಹೇಳಿಕಳಿಸಿದಳೆಂದು ಅವ್ವ ಕರಿಬೇವಿಗೆ ಬಂದರು. ಹಿಂದಿನ ರಾತ್ರಿಯ ಚಳಿಗೆ ಹಿತ್ತಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಅವರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ಹೋದರು. ನೋಡುವವಳ ಹಲ್ಲು ಕಟಕಟ ಅನ್ನುತ್ತಿದ್ದವು, ಅವರಿಗೆ ಏನೂ ಇಲ್ಲ. ಬಿಳುಪು ಮುಗಿದು ಹಸಿರು ಶುರುವಾಗುವ ಅಂಚಿನಲ್ಲಿ ನಿಂತರು. ಎಡಗಾಲು ಮುಂದಿಟ್ಟರು. ಹಿಂದಕ್ಕೆ ತೆಗೆದರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಜ್ವರ ನೋಡುವವರ ಹಾಗೆ ಕೈಯ ಹಿಂಭಾಗವನ್ನು ನೆಲಕ್ಕೆ ಇಟ್ಟರು.

"ತಂಗೀ, ಇಲ್ಲಿ ಇಬ್ಬನಿ ನಿಲ್ಲೂದಿಲ್ಲೇನ?"

"ಇಲ್ಲ ಅವ್ವ. ಹೋದ ವರ್ಷಾನೂ ಹೀಗೇ." ನನ್ನ ದನಿಯಲ್ಲಿ ಹೆಮ್ಮೆ ಇತ್ತು. "ಎಲ್ಲಾರೂ ನಂದು ಕೈಗುಣ ಅಂತಾರೆ."

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೋಪವಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ನೋಡುತ್ತೇವಲ್ಲ, ಹಾಗಿತ್ತು. ನಾನು ಬಾಗಿಲಲ್ಲೇ ಕೊಟ್ಟಿದ್ದ ಕರಿಬೇವಿನ ಚೀಲವನ್ನು ನನಗೇ ವಾಪಸ್ ಕೊಟ್ಟರು.

"ಇದು ಕೈಗುಣಾ ಅಲ್ಲವಾ. ಕೆಳಗ ಬೆಂಕಿ ಐತಿ. ಜೋಕಾಲಿ ತಗಸು. ಕೂಸಿನ್ನ ಈ ಕಡೆ ಬಿಡಬ್ಯಾಡ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟ ಕರಿಬೇವನ್ನು ವಾಪಸ್ ಕೊಡುವವರು ಇದ್ದಾರೆಯೇ? ಹೊಸ ಮನೆ, ಎಳೆಯ ಮಗು, ಎಂಥ ಮಾತು! ಹೊಟ್ಟೆಕಿಚ್ಚು, ಬೇರೇನೂ ಅಲ್ಲ ಎಂದು ತೀರ್ಮಾನಿಸಿದೆ. ಸಂಜೆ ಪುಟ್ಟಿಯನ್ನು ಕೂರಿಸಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ನೋಡಿ, ಎಷ್ಟು ದೃಷ್ಟಿಯಾಗಿದೆ ಎಂದು ನಮ್ಮವರಿಗೆ ತೋರಿಸಿದೆ. ಅವರು ಸ್ಮೋಕ್ ಅಲಾರಂ ಬಡಿದುಕೊಳ್ಳದ ಹಾಗೆ ಪೇಪರ್ ಬೀಸುತ್ತಾ ನಿಂತಿದ್ದರು.

ಹಾಗೆಂದು ನಮ್ಮವರು ಸುಮ್ಮನಿರುವವರೂ ಅಲ್ಲ. ಮನೆ ಕಟ್ಟಿದವರಿಗೆ ಫೋನ್ ಮಾಡಿದರು. ಕ್ಯಾಪ್ ಹಾಕಿದ ಒಬ್ಬ ಬಂದು, ಬೂಟುಗಾಲಿನಲ್ಲಿ ಎರಡು ಸಲ ನೆಲ ಒದ್ದು, ಒಳಗೆ ಎಲೆಗಿಲೆ ಕೊಳೆಯುತ್ತಿರುತ್ತದೆ, ಅದರ ಶಾಖ, ತೋಟಕ್ಕೆ ಬಹಳ ಒಳ್ಳೆಯದು, ನಿಮ್ಮ ಅದೃಷ್ಟ ಎಂದು ಹೇಳಿ ಹೋದ.

"ನೋಡಿದ್ಯಾ? ಕಾಂಪೋಸ್ಟ್ ಅಂತೆ," ಅಂದರು ನಮ್ಮವರು. "ಆ ಅವ್ವನಿಗೆ ಊರಿನ ನೆನಪು. ಎಲ್ಲಿ ಹೋದ್ರೂ ಗಣಿಯೇ ಕಾಣುತ್ತೆ. ಪಾಪ."

ಆದರೆ ಅವ್ವ ಬಿಡಲಿಲ್ಲ. ದಿನವೂ ಎಂಟು ಗಂಟೆಗೆ ನಮ್ಮ ಹಿತ್ತಲಿಗೆ ಬರತೊಡಗಿದರು. ಬೇಲಿಯ ಬಾಗಿಲನ್ನು ತಾವೇ ತೆಗೆದುಕೊಂಡು ಬರುವುದು, ಹಸಿರಿನ ಅಂಚಿನಲ್ಲಿ ಒಂದು ಸುತ್ತು ನಡೆಯುವುದು. ಹೋಗುವಾಗ ಅಡಿಗೆಮನೆಯ ಕಿಟಕಿಯತ್ತ ನೋಡಿ ತಲೆ ಅಲ್ಲಾಡಿಸುವುದು. ಐಸ್‌ಕ್ರೀಮ್ ಕಡ್ಡಿಗಳನ್ನು ಅಂಚಿಗೆ ಸಾಲಾಗಿ ಚುಚ್ಚಿದರು. ವಾರದಲ್ಲಿ ಹಸಿರು ಕಡ್ಡಿಗಳನ್ನು ದಾಟಿ ಒಂದು ಗೇಣು ಮನೆಯ ಕಡೆಗೆ ಬಂದಿತ್ತು. ಅವರು ಕಡ್ಡಿಗಳನ್ನು ಕಿತ್ತು ಹೊಸ ಅಂಚಿಗೆ ಚುಚ್ಚಿದರು. ಒಂದು ದಿನ ಹಳೆಯ ಫೋಟೋ ಫ್ರೇಮಿನ ಗಾಜಿನಿಂದ ಬೆರಳಗಲದ ಪಟ್ಟಿ ಕತ್ತರಿಸಿಕೊಂಡು ಬಂದರು. ನಮ್ಮ ಹಿಂಬಾಗಿಲ ಕಾಂಕ್ರೀಟ್ ಕಟ್ಟೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಇತ್ತು, ಹೊಸ ಮನೆ ಎಂದ ಮೇಲೆ ಇದ್ದದ್ದೇ ಎಂದು ನಾವು ಅದನ್ನು ಗಮನಿಸಿಯೂ ಇರಲಿಲ್ಲ. ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಇಟ್ಟು ಎರಡು ತುದಿಗೂ ಸೂಪರ್ ಗ್ಲೂ ಹಾಕಿ ಅಂಟಿಸಿದರು.

"ಇದೇನವ್ವ?"

"ಝರಿಯಾದಾಗ ಊರ ಕೆಳಗ ಕಲ್ಲಿದ್ದಲಾ ಉರೀತಿತ್ತು, ನಮ್ಮ ಯಜಮಾನ್ರು ಊರ ಮಂದೀ ಮನೀಗೆಲ್ಲಾ ಹಚ್ಚತಿದ್ರು. ನೆಲಾ ಸರದ್ರ ಗಾಜು ಒಡೀತದ. ಗಾಜು ಸುಳ್ಳ ಹೇಳೂದಿಲ್ಲ."

ನಮ್ಮವರು ಅದಕ್ಕೆ ಗಾಜಿನ ಶಾಸ್ತ್ರ ಎಂದು ಹೆಸರಿಟ್ಟರು. ಆಫೀಸಿನಿಂದ ಬಂದು, "ಇವತ್ತು ಶಾಸ್ತ್ರ ಏನು ಹೇಳುತ್ತೆ?" ಅಂತ ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಆದರೆ ಅವರು ಮನೆಯಲ್ಲಿ ಇಲ್ಲದಾಗ ಹೋಗಿ ಗಾಜನ್ನು ನೋಡಿಬರುತ್ತಿದ್ದೆ. ಮಳೆ ಬಂದ ಮಾರನೆಯ ದಿನ ಹಿತ್ತಲಿನಲ್ಲಿ ನೆನೆದ ಇದ್ದಿಲಿನ ವಾಸನೆ ಬರುತ್ತಿತ್ತು. ಯಾರದೋ ಫೈರ್‌ಪ್ಲೇಸ್ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳಲು ಸುಲಭವಾಗಿತ್ತು, ಆ ತಿಂಗಳು ಎಲ್ಲರ ಮನೆಯಲ್ಲೂ ಫೈರ್‌ಪ್ಲೇಸ್ ಉರಿಯುತ್ತಿತ್ತು.

ಒಂಬತ್ತನೆಯ ದಿನ ಗಾಜು ಒಡೆದಿತ್ತು. ಸರಿಯಾಗಿ ನಡುವೆ, ಬಿರುಕಿನ ಮೇಲೆಯೇ.

"ಪುಟ್ಟಿ ತುಳಿದಿರ್ತಾಳೆ," ಅಂದರು ನಮ್ಮವರು.

"ನಾನು ತುಳೀಲಿಲ್ಲ ಅಪ್ಪ. I didn't even touch it," ಅಂದಳು ಪುಟ್ಟಿ. ಅವಳ ಕಣ್ಣಲ್ಲಿ ನೀರು ತುಂಬಿತು. ಅವಳು ಸುಳ್ಳು ಹೇಳುವ ಮಗುವಲ್ಲ. ನಾನು ಅದನ್ನು ಬಲ್ಲೆ, ಆದರೂ ಅವಳನ್ನೇ ಒಳಗೆ ಕಳಿಸಿದೆ.

ಅದರ ಮುಂದಿನ ಭಾನುವಾರ. ನಮ್ಮವರು ಕಾರ್ ತೊಳೆಸಲು ಹೋಗಿದ್ದರು. ಅವ್ವ ತಮ್ಮ ಸುತ್ತು ಮುಗಿಸಿ ಮೊದಲ ಸಲ ಕರೆಯದೆಯೇ ಒಳಗೆ ಬಂದು ಅಡಿಗೆಮನೆಯ ಕುರ್ಚಿಯ ಮೇಲೆ ಕೂತರು. ತುಂಬಾ ಕೆಮ್ಮುತ್ತಿದ್ದರು. ನಾನು ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟಿದ್ದೆ. ಒಡೆದ ಗಾಜಿನ ವಿಷಯ ಅವರು ಎತ್ತುತ್ತಾರೆಂದು ಕಾಯುತ್ತಿದ್ದೆ, ಎತ್ತಲಿಲ್ಲ. ಎಣ್ಣೆ ಕಾಯಿತು, ಸಾಸಿವೆ ಹಾಕಿದೆ, ಚಟಪಟ ಎಂದು ಸಿಡಿಯಿತು. ಸಾಸಿವೆ ಸಿಡಿದ ಮೇಲೆ ಕನ್ನಡದ ಯಾವ ಹೆಂಗಸೂ ಯೋಚನೆ ಮಾಡುವುದಿಲ್ಲ, ಬಾಯಿ ತಾನಾಗಿ ಮಾತಾಡುತ್ತದೆ. ನಮ್ಮಮ್ಮ ನನಗೆ ಸಾವಿರ ಸಲ ಹೇಳಿದ್ದು ನನ್ನ ಬಾಯಲ್ಲೂ ಬಂತು.

"ಪುಟ್ಟೀ, ಓಡು, ಎರಡು ಎಸಳು ಕರಿಬೇವು ಕಿತ್ಕೊಂಡು ಬಾ!"

"ಓಕೆ ಅಮ್ಮಾ!" ಅಂತ ಪುಟ್ಟಿ ಹಿಂಬಾಗಿಲಿಗೆ ಓಡಿದಳು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಆ ವಯಸ್ಸಿನವರು ಅಷ್ಟು ಬೇಗ ಏಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಅವ್ವ ಬಾಗಿಲಲ್ಲಿ ಪುಟ್ಟಿಯ ರಟ್ಟೆ ಹಿಡಿದಿದ್ದರು. ಎಂಥ ಹಿಡಿತವೆಂದರೆ ಐದು ಬೆರಳೂ ಮೂಡಿದ್ದವು. ಮಗು ಕಿರುಚಿತು.

"ಏನ್ ಮಾಡ್ತಿದೀರಾ ಅವ್ವ? ಬಿಡಿ ಅವಳ್ನ! ಹುಚ್ಚಾ ನಿಮಗೆ?" ಅಂದೆ. ಹೌದು, ಹಾಗೇ ಅಂದೆ.

ಅವರು ಬಿಡಲಿಲ್ಲ. ಮಗುವನ್ನು ಎಳೆದು ತಮ್ಮ ಸೀರೆಗೆ ಅವುಚಿಕೊಂಡರು.

"ನಾನೂ ಹಿಂಗ ಕಳಿಸಿದ್ದೆ," ಅಂದರು.

ಅವರ ದನಿ ಏರಲಿಲ್ಲ. ಒಲೆಯ ಕಡೆ ನೋಡಿಕೊಂಡು ಹೇಳಿದರು.

"ನಮ್ಮ ಅಡಿಗಿಮನೀ ಮೂಲ್ಯಾಗ ನೆಲಾ ಬೆಚ್ಚಗಿರ್ತಿತ್ತು. ಚಳಿಗಾಲದಾಗ ಯಾರ ಮನ್ಯಾಗೂ ದ್ವಾಸಿ ಹಿಟ್ಟು ಉಬ್ಬತಿದ್ದಿಲ್ಲ, ನಮ್ಮನ್ಯಾಗ ಉಬ್ಬತಿತ್ತು. ಸಾಲಿನ ಹೆಂಗಸ್ರೆಲ್ಲಾ ಬಂದು ನಿನ್ನ ಕೈಗುಣಾ ಭಾಳ ಛಲೋ ಅಂತಿದ್ರು. ನನಗೂ ಹಿಗ್ಗು. ಯಜಮಾನ್ರು ಗಾಜು ಹಚ್ಚತೀನಿ ಅಂದ್ರು, ನಮ್ಮನೀಗೆ ಅಪಶಕುನಾ ಬ್ಯಾಡ ಅಂತ ನಾನ ಜಗಳಾ ತಗದೆ. ಒಂದಿನಾ ಮುಂಜಾನೆ ಹಂಚು ಇಟ್ಟು, ಹಿಟ್ಟಿನ ಗಡಿಗಿ ತಗೊಂಬಾ ಅಂತ ಮಗಳಿಗೆ ಹೇಳ್ದೆ. ಆರು ವರ್ಷದಾಕಿ. ಓಡಿ ಹೋದ್ಲು. ಗಡಿಗಿ ಎತ್ತಾಕ ಬಗ್ಗಿದ್ಲು. ಅಷ್ಟ. ಅಲ್ಲಿ ನೆಲಾನ ಇದ್ದಿಲ್ಲ, ತಂಗಿ. ಹೊಗಿ ಇತ್ತು."

ಸಾಸಿವೆ ಕರಿದಾಗುತ್ತಿತ್ತು.

"ನಾ ಒಂದ ಕಾಲು ಇಟ್ಟೆ. ಇನ್ನೊಂದ ಇಡೂದ್ರಾಗ ಮಂದಿ ಹಿಂದಕ್ಕ ಎಳದ್ರು. ಯಾಕ ಎಳದ್ರೋ."

ಪುಟ್ಟಿಗೆ ಅವರ ಭಾಷೆ ಅರ್ಧವೂ ಅರ್ಥವಾಗಿರಲಿಲ್ಲ. ಅಳು ನಿಲ್ಲಿಸಿ, "ಅವ್ವಾ, ಯು ಓಕೆ?" ಅಂತ ಕೇಳಿದಳು. ಅವ್ವ ಅವಳ ತಲೆಯ ಮೇಲೆ ಗಲ್ಲ ಊರಿ ನಿಂತಿದ್ದರು. ಒಗ್ಗರಣೆ ಪೂರ್ತಿ ಸೀದು, ಮನೆಯೆಲ್ಲ ಹೊಗೆಯಾಗಿ, ಅಲಾರಂ ಬಡಿದುಕೊಳ್ಳತೊಡಗಿದ ಮೇಲೆ ನಾನು ಒಲೆ ಆರಿಸಿದೆ. ಆಮೇಲೆ ಅವರ ಕಾಲಿನ ಬಳಿ ಕೂತು ಅತ್ತೆ. ಆ ಎಡಗಾಲನ್ನು ಮುಟ್ಟಿ ನೋಡಿದೆ. ಅದು ಬಲಗಾಲಿಗಿಂತ ತಣ್ಣಗಿತ್ತು.

ಮಧ್ಯಾಹ್ನವೇ ನಮ್ಮವರು ಉಯ್ಯಾಲೆ ಕಿತ್ತರು. ಈ ಸಲ ವ್ಯಾಖ್ಯಾನ ಮಾಡಲಿಲ್ಲ. ಹಿಂಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದೆವು. ನಮ್ಮವರು ಕೌಂಟಿಯ ಅಗ್ನಿಶಾಮಕದವರಿಗೆ ಫೋನ್ ಮಾಡಿ, ನೆಲ ಬೆಚ್ಚಗಿದೆ ಅಂದರು. ಆ ಕಡೆಯವರು, ಹೊಗೆ ಕಂಡರೆ ತಕ್ಷಣ ಕರೆಯಿರಿ ಅಂದರಂತೆ. ಕರಿಬೇವಿಗೆ ಬಂದವರನ್ನು ನಾನು ಮುಂಬಾಗಿಲಿನಿಂದಲೇ ಕಳಿಸಿದೆ. ಕರಿಬೇವಿಗೂ ಜಿಪುಣತನ ಮಾಡುತ್ತಾಳೆ, ಕೈಗುಣ ಇದ್ದರೇನು, ಮನಸ್ಸು ಇಲ್ಲ ಎಂದು ಅಲ್ಫರೆಟಾದವರೆಗೂ ಸುದ್ದಿಯಾಯಿತು.

ಹನ್ನೆರಡು ದಿನ ಕಳೆಯಿತು. ಆ ಹನ್ನೆರಡು ದಿನ ನಾನು ಕಿಟಕಿಯಲ್ಲಿ ನಿಂತು ಆ ಹಸಿರನ್ನು ನೋಡುತ್ತಿದ್ದೆ. ಅದಕ್ಕಿಂತ ಭಯದ ಹಸಿರನ್ನು ನಾನು ನೋಡಿಲ್ಲ. ಬೆಕ್ಕು ಅಲ್ಲಿ ಮಲಗುವುದನ್ನು ನಿಲ್ಲಿಸಿತ್ತು. ಎರಡು ದಿನ ಬಿಡದೆ ಮಳೆ ಹೊಯ್ದು, ಗುರುವಾರ ಬೆಳಗ್ಗೆ ನಿಂತಿತು. ಪುಟ್ಟಿಯನ್ನು ಸ್ಕೂಲ್ ಬಸ್ ಹತ್ತಿಸಿ ಬಂದು ಕಾಫಿ ಬೆರೆಸುತ್ತಿದ್ದೆ. ಹಿತ್ತಲಿನಲ್ಲಿ ಯಾರೋ ಅಕ್ಕಿಮೂಟೆ ಇಳಿಸಿದ ಹಾಗೆ ಧೊಪ್ ಎಂದಿತು. ಅಷ್ಟೇ ಸದ್ದು. ಕಿಟಕಿಯಿಂದ ನೋಡಿದರೆ ಕರಿಬೇವಿನ ಗಿಡ ಇರಲಿಲ್ಲ.

ಅಲ್ಲಿ ಒಂದು ಕಾರು ಇಳಿಯುವಷ್ಟು ಅಗಲದ ಗುಂಡಿ ಇತ್ತು. ಕೆಂಪು ಮಣ್ಣಿನ ಅಂಚು ಇನ್ನೂ ಉದುರುತ್ತಿತ್ತು. ಮೊದಲು ಬಿಳಿ ಉಗಿ ಎದ್ದಿತು, ಅದರ ಹಿಂದೆಯೇ ಕಂದು ಹೊಗೆ. ಆಳದಲ್ಲಿ, ಒಲೆಯ ಬೂದಿ ಕೆದಕಿದಾಗ ಕಾಣುತ್ತದಲ್ಲ, ಆ ಕೆಂಪು ಮಿನುಗುತ್ತಿತ್ತು. ಉಯ್ಯಾಲೆಯ ನಾಲ್ಕು ಕಾಲು ಊರಿದ್ದ ಗುರುತುಗಳಲ್ಲಿ ಎರಡು ಮಾತ್ರ ಉಳಿದಿದ್ದವು, ಗುಂಡಿಯ ತೀರ ಅಂಚಿನಲ್ಲಿ. ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ತಿರುಗಿ ನೋಡಿದರೆ ಅವ್ವ ಬೇಲಿಯ ಬಾಗಿಲಲ್ಲಿದ್ದರು. "ಕೂಸು?" ಅಂದರು. "ಸ್ಕೂಲಿಗೆ ಹೋದಳು ಅವ್ವ" ಅಂದೆ. ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು.

ಅಗ್ನಿಶಾಮಕದವರು ಬಂದರು, ಅಗೆಯುವ ಯಂತ್ರ ಬಂತು. ಸಂಜೆಯೊಳಗೆ ಕತೆ ತಿಳಿಯಿತು. ನಮ್ಮ ಸಾಲಿನ ಮನೆಗಳ ಹಿಂದೆ ಮೊದಲು ಒಂದು ಕೊರಕಲು ಇತ್ತಂತೆ. ಕಾಡು ಕಡಿದು ಸೈಟು ಮಾಡುವಾಗ ಪೈನ್ ಮರಗಳ ಬೊಡ್ಡೆ, ಬೇರು, ಹಲಗೆಯ ತುಂಡುಗಳನ್ನೆಲ್ಲ ಅದಕ್ಕೆ ತಳ್ಳಿ ಬೆಂಕಿ ಹಾಕಿದ್ದರು. ಪೂರ್ತಿ ಉರಿಯುವ ತನಕ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಮೇಲೆ ಮಣ್ಣು ಎಳೆದು, ಸಮ ಮಾಡಿ, ಹುಲ್ಲಿನ ಹಾಸು ಹೊದಿಸಿದರು. ಬೆಂಕಿ ಆರಿರಲಿಲ್ಲ. ನಾವು ಗೃಹಪ್ರವೇಶ ಮಾಡಿ ಹಾಲು ಉಕ್ಕಿಸಿದ ದಿನವೂ ಅದು ಕೆಳಗೆ ಬೊಡ್ಡೆಯಿಂದ ಬೊಡ್ಡೆಗೆ ಮೆಲ್ಲಗೆ ತಿನ್ನುತ್ತಾ ಬರುತ್ತಿತ್ತು.

ಮುಖ್ಯಸ್ಥನಂತಿದ್ದ ದಪ್ಪ ಮೀಸೆಯವನು, ಇದನ್ನು ಮೊದಲು ಪತ್ತೆ ಮಾಡಿದ್ದು ಯಾರು ಎಂದು ಕೇಳಿದ. ನಾನು ಅವ್ವನನ್ನು ತೋರಿಸಿದೆ. ಯಾವ ಸಾಧನ ಬಳಸಿದರು ಎಂದು ಕೇಳಿದ. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಅವನ ಭುಜ ಹಿಡಿದುಕೊಂಡು ಎಡಗಾಲು ಎತ್ತಿ ಅಂಗಾಲು ತೋರಿಸಿದರು. ಅವನು ಟೋಪಿ ತೆಗೆದ.

ಮಾರನೆಯ ದಿನ ಅಗ್ನಿಶಾಮಕದವರು ಶಾಖ ಅಳೆಯುವ ಉದ್ದನೆಯ ಕೋಲು ಹಿಡಿದು ಬಂದಾಗ ಅವ್ವ ಮುಂದೆ ನಡೆದರು. ಅವ್ವ ನಿಂತಲ್ಲಿ ಅವರು ಕೋಲು ಇಳಿಸುತ್ತಿದ್ದರು. ಎರಡು ಹೆಜ್ಜೆ, ಒಂದು ಒತ್ತು. ನಮ್ಮ ಹಿತ್ತಲು ದಾಟಿ, ಪಕ್ಕದ ಹಿತ್ತಲು ದಾಟಿ, ಕೊನೆಗೆ ಅವ್ವ ನಿಂತದ್ದು ತಮ್ಮ ಮಗನ ಮನೆಯ ಹಿಂದಿನ ಮರದ ಡೆಕ್ಕಿನ ಬುಡದಲ್ಲಿ. ಎಲ್ಲರ ಮನೆಗೆ ಹೋಗಿ ಹೀಗೆಲ್ಲ ಹೇಳಬೇಡ, ನನಗೆ ತಲೆ ಎತ್ತಲು ಆಗುವುದಿಲ್ಲ ಎಂದು ಮಗ ತಿಂಗಳಿಡೀ ಬೈದಿದ್ದರಂತೆ. ಆಫೀಸಿನ ಟೈ ಕಟ್ಟಿಕೊಂಡೇ ಬಂದು, ಮಂಡಿಯೂರಿ, ತಾಯಿಯ ಕಾಲಿನ ಪಕ್ಕದಲ್ಲಿ ಅಂಗೈ ಇಟ್ಟು ನೋಡಿದರು. ಬಹಳ ಹೊತ್ತು ಏಳಲಿಲ್ಲ.

ಸಿಕ್ಕಷ್ಟನ್ನು ಅಗೆದು ತೆಗೆದರು. ಎಲ್ಲ ಸಿಕ್ಕಿತೇ ಎಂದು ಕೇಳಿದರೆ ಯಾರೂ ಹೌದು ಅನ್ನಲಿಲ್ಲ. ನಾವು ಆ ಮನೆಯಲ್ಲಿ ಮತ್ತೆ ಮಲಗಲಿಲ್ಲ.

ಮಾರ್ಚಿನಲ್ಲಿ ಅವ್ವ ಹೊರಟರು. ಏರ್‌ಪೋರ್ಟಿನಲ್ಲಿ ನಮಸ್ಕಾರ ಮಾಡಿದೆ. ಪುಟ್ಟಿಯ ಕೈಯಲ್ಲೂ ಮಾಡಿಸಿದೆ. ಅವ್ವ ಅವಳ ರಟ್ಟೆಯನ್ನು ಸವರಿದರು, ಬೆರಳು ಮೂಡಿದ್ದ ಜಾಗವನ್ನೇ. ನನ್ನ ಕಡೆ ತಿರುಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎಲ್ಲಿ ಹೋದ್ರೂ ನಿನ್ನ ಕರಿಬೇವು ಚಳಿಗಾಲದಾಗ ಒಣಗ್ಲಿ, ತಂಗಿ."

ಮರುವರ್ಷ ದೀಪಾವಳಿಗೆ ಮೊದಲು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಎದೆಯಲ್ಲಿ ಮೂವತ್ತು ವರ್ಷದ ಹೊಗೆ ಇತ್ತು, ಅದು ಕೊನೆಗೂ ಬಿಡಲಿಲ್ಲ. ಮಗ ಫೋನಿನಲ್ಲಿ ಹೇಳಿದರು. ಕೊನೆಯ ದಿನ, ಮಂಚದಿಂದ ಇಳಿಸಿ ನೆಲದ ಮೇಲೆ ಮಲಗಿಸಿ ಎಂದು ತಾವೇ ಕೇಳಿದರಂತೆ. ಫರಸಿ ಕಲ್ಲಿನ ನೆಲ. ಅಂಗಾಲನ್ನು ಅದಕ್ಕೆ ತಾಗಿಸಿ, "ತಣ್ಣಗೈತಿ" ಅಂದರಂತೆ. ಆಮೇಲೆ ಮಾತಾಡಲಿಲ್ಲ.

ನಾವು ನಾರ್ತ್ ಕೆರೊಲೈನಾದ ಏಪೆಕ್ಸ್‌ಗೆ ಬಂದು ಮನೆ ನೋಡುವಾಗ ನಾನು ಜನವರಿಯಲ್ಲೇ ನೋಡಬೇಕೆಂದು ಹಟ ಹಿಡಿದೆ. ಹಿತ್ತಲಿಡೀ ಬರಿಗಾಲಿನಲ್ಲಿ ನಡೆದೆ. ಮನೆ ತೋರಿಸಲು ಬಂದವಳು ಗಡಿಯಾರ ನೋಡುತ್ತಾ ನಿಂತಿದ್ದಳು. ಇಲ್ಲಿ ನೆಲಕ್ಕೆ ನೆಟ್ಟ ಕರಿಬೇವು ಮೊದಲ ಚಳಿಗೇ ಸುಟ್ಟುಹೋದಂತೆ ಕಪ್ಪಾಗಿ ಸತ್ತಿತು. ನಾನು ಆ ಕಡ್ಡಿಯನ್ನು ಕೀಳದೆ ಹಾಗೇ ಬಿಟ್ಟಿದ್ದೆ. ಪ್ರತಿ ವರ್ಷ ಒಂದು ಸಸಿ ನೆಡುತ್ತೇನೆ, ಪ್ರತಿ ವರ್ಷ ಸಾಯುತ್ತದೆ. ಇವಳಿಗೆ ಕೈಗುಣವೇ ಇಲ್ಲ ಎಂದು ಇಲ್ಲಿಯ ಗೆಳತಿಯರು ಹೇಳುತ್ತಾರೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮದುವೆಗೆಂದು ಅಟ್ಲಾಂಟಾಕ್ಕೆ ಹೋದವಳು, ಯಾರಿಗೂ ಹೇಳದೆ ಆ ಬೀದಿಗೆ ಹೋದೆ. ಜನವರಿಯ ಬೆಳಗು. ನಮ್ಮ ಮನೆ ಇದ್ದ ಜಾಗಕ್ಕೆ ಬೇಲಿ ಹಾಕಿದ್ದರು. ಎಲ್ಲ ಕಡೆ ಇಬ್ಬನಿ ಬೆಳ್ಳಗಿತ್ತು. ಬೀದಿಯ ಆ ತುದಿಯಲ್ಲಿ, ನಮ್ಮ ಕಾಲದಲ್ಲಿ ಇನ್ನೂ ಕಟ್ಟಿರದ ಒಂದು ಮನೆಯ ಮುಂದೆ, ಹಾಸಿಗೆ ಹಾಸಿದಷ್ಟು ಹಸಿರು. ಅದರ ನಡುವೆ ಬಣ್ಣಬಣ್ಣದ ಹೂಗಳು, ಪಕ್ಕದಲ್ಲಿ ಮೂರು ಚಕ್ರದ ಪುಟ್ಟ ಸೈಕಲ್ಲು. ನಾನು ಕಾರು ನಿಲ್ಲಿಸಿ ಇಳಿದೆ. ಅಂಚಿನಲ್ಲಿ ಶೂ ಬಿಚ್ಚಿಟ್ಟೆ, ಕಾಲುಚೀಲ ತೆಗೆದೆ, ಎರಡು ಹೆಜ್ಜೆ ಇಟ್ಟು ನಿಂತೆ.

ಬಾಗಿಲು ತೆರೆದು ಎಳೆವಯಸ್ಸಿನ ಹೆಂಗಸೊಬ್ಬಳು ಹೊರಗೆ ಬಂದಳು. ಒಳ್ಳೆಯವಳು, ನಗುತ್ತಲೇ ಬಂದಳು. ಹೂ ನೋಡಲು ನಿಂತಿದ್ದೇನೆ ಅಂದುಕೊಂಡಳು. ಚಳಿಯಲ್ಲೂ ಹೇಗೆ ಅರಳಿವೆ ನೋಡಿ, ನನ್ನ ಕೈಯಲ್ಲೇ ಏನೋ ಇದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ ಅಂದಳು. ಆಮೇಲೆ ಅವಳ ಕಣ್ಣು ನನ್ನ ಬರಿಗಾಲಿನ ಮೇಲೆ ಬಿತ್ತು. ನಗು ಸ್ವಲ್ಪ ಕಡಿಮೆಯಾಯಿತು.

"ನೀವು ಏನಾದರೂ ಕಳೆದುಕೊಂಡಿದ್ದೀರಾ?" ಅಂತ ಕೇಳಿದಳು.

"ಇಲ್ಲ," ಅಂದೆ. "ನಾನು ಕಳೆದುಕೊಳ್ಳಲಿಲ್ಲ."

ಕಾಲಿನ ಕೆಳಗೆ ನೆಲ ಬೆಚ್ಚಗಿತ್ತು.

"ನಿಮ್ಮ ಮಗು ಎಲ್ಲಿದೆ?" ಅಂತ ಕೇಳಿದೆ.